ಕೇಳದೆ ಬಿಟ್ಟ ಹೆಸರು

ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದ ಕಡೆ ಬೆರಳು ತಡವರಿಸುತ್ತದೆ, ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ. ಸೊಸೆ ಒಳಗಿನಿಂದ "ಸಾಕು ಬುಡತ್ತೆ, ಕಣ್ಣು ಹೋದಾತು" ಎಂದು ಕೂಗುತ್ತಾಳೆ. ನಾನು ಕೇಳಿಸದವಳಂತೆ ಕೂತಿದ್ದೇನೆ. ವಯಸ್ಸಾದವರ ಕಿವಿ ಮಂದ ಎಂದು ಎಲ್ಲರೂ ನಂಬುತ್ತಾರೆ, ಅದೊಂದು ಅನುಕೂಲ. ನನ್ನ ಕಿವಿ ಚೆನ್ನಾಗಿಯೇ ಇದೆ.

ಟೈಪ್ ಮಾಡುವುದನ್ನು ಕಲಿಸಿಕೊಟ್ಟವಳು ನನ್ನ ಮಗಳ ಮಗಳು. ಯಾಕಾದರೂ ಕಲಿಸಿದೆನೋ ಎಂದು ಆಮೇಲೆ ಅವಳೇ ಅತ್ತಳು. ಆ ಅಳುವಿನ ವಿಷಯ ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಬರೆಯಲೇ ಎಂದು ಅವಳನ್ನು ಕೇಳಿದೆ, ಅವಳ ಗೆಳತಿಯನ್ನೂ ಕೇಳಿದೆ. ಬರಿ, ಆದರೆ ಹೆಸರು ಮಾತ್ರ ಬೇಡ ಎಂದರು ಇಬ್ಬರೂ. ಹೆಸರಿಗಾಗಿ ಅಷ್ಟೊಂದು ಕಣ್ಣೀರು ಹಾಕಿದವರು ಈಗ ಹೆಸರು ಬೇಡ ಅನ್ನುತ್ತಾರೆ, ನೋಡಿ.

ನಾನಿರುವುದು ಹೊಸೂರಿನ ಹತ್ತಿರ, ತಳಿ ಎಂಬ ಊರಿನ ಕಡೆಯ ಹಳ್ಳಿಯಲ್ಲಿ, ಮಗ ಸೊಸೆಯ ಜೊತೆ. ಮಗ ಗುಲಾಬಿ, ಎಲೆಕೋಸು ಬೆಳೆಯುತ್ತಾನೆ. ಮನೆಯ ಮುದ್ದೆಗೆ ಬೇಕಾದ ರಾಗಿಯನ್ನು ಇವತ್ತಿಗೂ ನಮ್ಮ ಹೊಲದಲ್ಲೇ ತೆಗೆಯುತ್ತೇವೆ. ಮಗಳ ಸಂಸಾರ ಮೂಕಂಡಪಲ್ಲಿಯಲ್ಲಿ, ಅಳಿಯ ಫ್ಯಾಕ್ಟರಿ ಕೆಲಸದವರು. ಅವರ ಮಗಳು ಕೃಷಿ ಓದಿ, ಮುಗಿದ ಮೇಲೂ ಓದಿ, ಕೊನೆಗೆ ಡಾಕ್ಟರೇಟ್‌ಗೆ ಸೇರಿದಳು.

"ಡಾಕ್ಟ್ರಾದ್ಮೇಲೆ ನನ್ ಮಂಡಿ ನೋಡ್ತೀಯೇನೇ?" ಎಂದು ಕೇಳಿದ್ದೆ.

"ರಾಗಿ ಪೈರಿಗೆ ಮಂಡಿ ನೋವು ಬಂದ್ರೆ ನೋಡ್ತೀನಿ ಕಣಜ್ಜಿ" ಎಂದಿದ್ದಳು.

ಅವಳಿಗಿಂತ ಮುಂಚೆ ಆ ಓದಿನ ಕೆಲಸಕ್ಕೆಂದು ನಮ್ಮ ಮನೆಗೆ ಬಂದವಳು ಅವಳ ಗೆಳತಿ. ಕೃಷ್ಣಗಿರಿ ಕಡೆಯ ಹುಡುಗಿ, ಮನೆಮಾತು ತಮಿಳು, ಕಾಲೇಜಿನಲ್ಲಿ ಮೊಮ್ಮಗಳಿಗಿಂತ ಒಂದು ವರ್ಷ ಮುಂದೆ. ಇಬ್ಬರ ಸಂಶೋಧನೆಗೂ ದಾರಿ ತೋರಿಸುವ ಮೇಷ್ಟ್ರು ಒಬ್ಬರೇ. ಗೈಡ್ ಎನ್ನುತ್ತಾರೆ ಅವರನ್ನು. ರಾಗಿಗೆ ಬೆಂಕಿ ರೋಗ ಎಂದು ಒಂದು ಬರುತ್ತದೆ. ತೆನೆಯ ಕುತ್ತಿಗೆ ಸುಟ್ಟಂತೆ ಕಪ್ಪಾಗಿ ಕಾಳೆಲ್ಲ ಜೊಳ್ಳಾಗುತ್ತದೆ. ಯಾವ ಜಾತಿಯ ರಾಗಿ ಆ ರೋಗವನ್ನು ತಡೆದುಕೊಂಡು ನಿಲ್ಲುತ್ತದೆ ಎಂದು ನೋಡಬೇಕು ಅನ್ನುವುದು ಗೆಳತಿಯ ಯೋಚನೆ. ನಮ್ಮ ಕಡೆ ಮಂಜು ಹೆಚ್ಚು, ತಂಪು ಹೆಚ್ಚು, ರೋಗಕ್ಕೂ ಈ ಹವೆ ಇಷ್ಟ. ಅದಕ್ಕೇ ಮೊಮ್ಮಗಳು ಅವಳನ್ನು ನನ್ನ ಹೊಲಕ್ಕೆ ಕರೆತಂದು ತೋರಿಸಿದಳು.

ಹುಡುಗಿ ಹಗ್ಗ ಹಿಡಿದು ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಹಂಚಿದಳು. ಒಂದೊಂದು ಮಡಿಗೆ ಒಂದೊಂದು ಜಾತಿ, ಮೂಲೆಯಲ್ಲಿ ಒಂದು ಗೂಟ. ಬೆಳೆ ಇರುವಷ್ಟು ಕಾಲ ನಮ್ಮ ಮನೆಯಲ್ಲೇ ಇದ್ದಳು. ಬೆಳಿಗ್ಗೆ ತಲೆಗೆ ಟವಲ್ ಸುತ್ತಿಕೊಂಡು ಮಂಜಿನೊಳಗೆ ಇಳಿದರೆ ಸೀರೆ ಒಣಹಾಕುವ ಹೊತ್ತಿಗೆ ಮೇಲೆ ಬರುತ್ತಿದ್ದಳು, ಮೊಣಕಾಲಿನವರೆಗೂ ಕೆಸರು. ಒಂದೊಂದು ಮಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಲೆಯನ್ನು ಭೂತಗನ್ನಡಿ ಹಿಡಿದು ನೋಡುವುದನ್ನು ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಹೆಣ್ಣು ನೋಡಲು ಬಂದ ಬೀಗರು ಕೂಡ ಅಷ್ಟು ನೋಡುವುದಿಲ್ಲ.

ನನ್ನನ್ನು ತಮಿಳಿನಲ್ಲಿ ಅಜ್ಜಿಗೆ ಹೇಳುವಂತೆ ಪಾಟಿ ಎನ್ನುತ್ತಿದ್ದಳು. ಅವಳಿಗೆ ಬಾರದಿದ್ದ ಒಂದೇ ಕೆಲಸ ಮುದ್ದೆ ಉಣ್ಣುವುದು.

"ಅಗೀಬ್ಯಾಡ ಕಣೇ, ನುಂಗು!"

"ನುಂಗಿದ್ರೆ ಪ್ರಾಣ ಹೋಗುತ್ತೆ ಪಾಟಿ."

"ಹೋದ್ರೆ ಹೋಗ್ಲಿ, ಮುದ್ದೆ ಉಂಡು ಸತ್ತೋರು ನಮ್ಮೂರಲ್ಲಿ ಯಾರೂ ಇಲ್ಲ. ನೀನೇ ಮೊದಲ್ನೇಳಾಗು."

ಮೊದಲ ಬೆಳೆ ಪೂರ್ತಿ ಅವಳೊಬ್ಬಳದೇ. ಆಮೇಲೆ ಮದುವೆಯಾಗಿ ಜೂಜುವಾಡಿಗೆ ಹೋದಳು. ಗಂಡನ ಮನೆಯವರು ಒಳ್ಳೆಯವರು, ಓದು ನಿಲ್ಲಿಸು ಎನ್ನಲಿಲ್ಲ. ಎರಡನೆಯ ಬೆಳೆಗೂ ಬಂದು ನಿಂತು ನಾಟಿ ಹಾಕಿಸಿದಳು. ಪೈರು ನಾಲ್ಕೆಲೆ ಬಿಟ್ಟ ಹೊತ್ತಿಗೆ ಅವಳು ಬಸುರಿ ಎಂದು ಗೊತ್ತಾಯಿತು. ಬಸಿರು ಸುಲಭದ್ದಾಗಿರಲಿಲ್ಲ. ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು. ಅವಳು ಹೊರಟ ದಿನ ಹೊಲಕ್ಕೆ ಹೋಗಿ ಬರುತ್ತೇನೆ ಎಂದು ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಬದುವಿನ ಮೇಲೆ ಕೂತು ಅಳುತ್ತಿದ್ದಳು. "ಮಗು ದೊಡ್ಡದಾದ್ಮೇಲೆ ಮತ್ತೆ ಸೇರ್ಕೋತೀನಿ ಪಾಟಿ. ಸೇರಿಸ್ಕೋತಾರಲ್ಲ?" ಎಂದಳು. ನನಗೇನು ಗೊತ್ತು? ಸೇರಿಸಿಕೊಳ್ಳದೆ ಏನು ಮಾಡ್ತಾರೆ ಎಂದು ಧೈರ್ಯ ಹೇಳಿ ಕಳಿಸಿದೆ.

ಅಲ್ಲಿಂದ ಮುಂದಕ್ಕೆ ಮೊಮ್ಮಗಳು ಬಂದು ಹೊಲ ನೋಡಿಕೊಂಡಳು. ಅವಳೂ ಕಷ್ಟಪಟ್ಟಳು, ಇಲ್ಲ ಎನ್ನುವಂತಿಲ್ಲ. ರೋಗ ಬಂದದ್ದು ಅವಳ ಕಾಲದಲ್ಲಿ. ಕೊಯ್ದದ್ದು, ಬಡಿದದ್ದು, ತೂಗಿದ್ದು ಅವಳು. ಎರಡು ಬೆಳೆಯ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ ಕಳೆದು, ಇಂಗ್ಲಿಷಿನಲ್ಲಿ ಬರೆದದ್ದೂ ಅವಳೇ. ಹಾಗೆ ಬರೆದದ್ದನ್ನು ಪೇಪರ್ ಎನ್ನುತ್ತಾರೆ. ಬೇರೆ ವಿಜ್ಞಾನಿಗಳು ಓದಿ ನೋಡಿ ಸರಿ ಎಂದರೆ ಜರ್ನಲ್ ಎನ್ನುವ ಪುಸ್ತಕದಲ್ಲಿ ಅಚ್ಚಾಗುತ್ತದಂತೆ.

ಅವರೆಕಾಯಿ ಕಾಲ. ಜಗುಲಿಯಲ್ಲಿ ನಾನು ಕಾಯಿ ಸುಲಿಯುತ್ತಿದ್ದೆ, ಅವಳು ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಬಗ್ಗಿ ನೋಡಿದೆ.

"ಏನೇ ಅದು, ಮೇಲ್ಗಡೆ ಸಾಲು?"

"ಹೆಸ್ರುಗಳಜ್ಜಿ. ಪೇಪರ್ ಬರ್ದೋರ್ದು."

"ಓದು ನೋಡಾನ."

ಓದಿದಳು. ಮೊದಲು ಅವಳದು. ಕೊನೆಗೆ ಗೈಡಿನದು. ನಡುವೆ ನಾನು ಕೇಳದ ಒಂದು ಹೆಸರು.

"ಮಧ್ಯದೋನ್ಯಾರೇ?"

"ನಮ್ ದೊಡ್ ಸಾರು ಕಣಜ್ಜಿ. ಡಿಪಾರ್ಟ್‌ಮೆಂಟ್‌ಗೆ ಹೆಡ್ಡು."

"ಅವಯ್ಯ ಯಾವತ್ ಬಂದಿದ್ದ ನಮ್ ಹೊಲಕ್ಕೆ?"

"ಬಂದಿದ್ರಲ್ಲ ಒಂದ್ಸಲ, ಜೀಪಲ್ಲಿ."

ನೆನಪಾಯಿತು. ಬೂಟು ಕೆಸರಾಗಬಾರದೆಂದು ಬದುವಿನ ಮೇಲೇ ನಿಂತು ಫೋಟೋ ತೆಗೆಸಿಕೊಂಡು, ಮನೆಗೆ ಬಂದು ಅವರೆಕಾಳಿನ ಸಾರನ್ನು ಕೇಳಿ ಕೇಳಿ ಬಡಿಸಿಕೊಂಡು ಉಂಡು ಹೋಗಿದ್ದರು.

"ಸಾರು ಉಂಡಿದ್ದಕ್ಕೆ ಹೆಸ್ರಾ? ಹಂಗಾದ್ರೆ ಕಾಸ್ದೋಳು ನಾನು, ನಂದ್ ಹಾಕು ಮೊದ್ಲು."

ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಲೇ, "ಅವಳ್ದೆಲ್ಲೇ?" ಎಂದೆ.

ನಗು ನಿಂತಿತು. ಯಾರದು ಎಂದು ಅವಳು ಕೇಳಲಿಲ್ಲ. "ಕೊನೇಲಿ ಒಂದ್ ಕಡೆ ಥ್ಯಾಂಕ್ಸ್ ಹೇಳ್ತೀವಜ್ಜಿ. ಹೊಲದ ಕೆಲ್ಸಕ್ಕೆ ಸಹಾಯ ಮಾಡಿದ್ರು ಅಂತ."

"ಸಹಾಯವಾ?"

"ಗೈಡೇ ಹಂಗ್ ಹೇಳಿದ್ದು. ಅವ್ಳು ಓದು ಬುಟ್ಟೋಗವ್ಳೆ. ಲೆಕ್ಕ ಮಾಡಿದ್ದು, ಬರ್ದಿದ್ದು ನಾನು. ಕೈಗೂಸು ಮಡಿಕ್ಕಂಡು ಒದ್ದಾಡ್ತಾವ್ಳೆ, ಇದನ್ನೆಲ್ಲ ಕೆದಕಿ ಯಾಕವಳ ಮನ್ಸು ನೋಯ್ಸೋದು?"

"ಅವಳನ್ನ ಕೇಳ್ದಾ?"

"ಏನಂತ ಕೇಳೋದಜ್ಜಿ!"

ನಾನು ಸುಲಿಯುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು. ಯಾಕವಳ ಮನಸ್ಸು ನೋಯಿಸುವುದು ಎನ್ನುವ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ, ನನ್ನ ವಿಷಯದಲ್ಲೇ.

ನನ್ನ ಗಂಡ ಹೋದಾಗ ಮಗಳು ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು, ಮಗ ಅವಳಿಗಿಂತ ಚಿಕ್ಕವನು. ಕನಕಾಂಬರ ಬಿಡಿಸಿ, ಕಟ್ಟಿ, ಬಸ್ಸಿಗೆ ಹಾಕಿ ಹೊಸೂರಿಗೆ ಕಳಿಸಿ ಇಬ್ಬರನ್ನೂ ಬೆಳೆಸಿದೆ. ಮಗಳಿಗೆ ಗಂಡು ಹುಡುಕಿದವಳೂ ನಾನೇ. ಮದುವೆ ಗೊತ್ತಾದ ಮೇಲೆ ಬಾವ ಮತ್ತು ನನ್ನ ಓರಗಿತ್ತಿ ಧಾರೆ ಎರೆಯುವುದೆಂದು ಹಿರಿಯರು ತೀರ್ಮಾನ ಮಾಡಿದರು. ಗಂಡನಿಲ್ಲದವಳು ಧಾರೆಗೆ ನಿಲ್ಲುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ನಾನೂ ನಿಲ್ಲಬೇಕೆಂದು ಆಸೆಪಟ್ಟಿರಲಿಲ್ಲ. ಆದರೆ ಲಗ್ನಪತ್ರಿಕೆ ಹೊಸೂರಿನ ಪ್ರೆಸ್ಸಿನಿಂದ ಬಂದ ದಿನ ಒಂದನ್ನು ತೆಗೆದು ಓದಿದೆ. ಕನ್ನಡ ಸ್ಕೂಲಿನಲ್ಲಿ ಐದನೇ ಕ್ಲಾಸು ಓದಿದ್ದೇನೆ, ಓದಲು ಬರುತ್ತದೆ. ಬಾವನ ಹೆಸರಿತ್ತು, ಓರಗಿತ್ತಿಯದಿತ್ತು. ಅವರ ಮಕ್ಕಳದು, ಆಗಷ್ಟೇ ಹಲ್ಲು ಬರುತ್ತಿದ್ದ ಅವರ ಮೊಮ್ಮಗುವಿನದು, ಮದುವೆಗೆ ಕೊನೆಗೂ ಬಾರದೇ ಹೋದ ಒಬ್ಬ ಪಾರ್ಟಿ ಲೀಡರಿನದು ಕೂಡ ಇತ್ತು. ನನ್ನ ಗಂಡನ ಹೆಸರೂ ಇತ್ತು, ಹಿಂದೆ ದಿವಂಗತ ಎಂದು ಸೇರಿಸಿ. ಸತ್ತವರ ಹೆಸರಿತ್ತು, ಬದುಕಿದ್ದ ನನ್ನದಿರಲಿಲ್ಲ. ಹಿಂದುಗಡೆ ಏನಾದರೂ ಇದೆಯೇನೋ ಎಂದು ಮಗುಚಿ ನೋಡಿದೆ. ಪ್ರೆಸ್ಸಿನ ವಿಳಾಸವಿತ್ತು.

"ಮುಂಡೆ ಹೆಸ್ರು ಹಾಕಂಗಿಲ್ಲ ಅಂತ ನಿನ್ ಮುಂದೆ ಹೆಂಗ್ ಹೇಳೋದು? ಯಾಕ್ ನಿನ್ ಮನ್ಸು ನೋಯ್ಸೋದು ಅಂತ ಕೇಳ್ನಿಲ್ಲ ಕಣಮ್ಮಿ" ಎಂದಳು ಓರಗಿತ್ತಿ. ಕೆಟ್ಟವಳಲ್ಲ ಅವಳು. ಹೇಳುವಾಗ ಅವಳ ಕಣ್ಣಿನಲ್ಲೂ ನೀರಿತ್ತು. ನಾನು ಒಂದು ಪತ್ರಿಕೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡು, ಬಾವನ ಹೆಸರಿನ ಮೇಲೆ ಇದ್ದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಬರೆದೆ. ಮೊದಲನೆಯದಾಗಿ ಬರೆದೆ, ದಪ್ಪ ಅಕ್ಷರದಲ್ಲಿ. ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಕಿ, ಒಲೆಯ ಮುಂದೆ ಹೋಗಿ ನೆಂಟರಿಗೆ ಅಡಿಗೆ ಮಾಡಿದೆ.

ಇದನ್ನು ಮೊಮ್ಮಗಳಿಗೆ ಅವತ್ತು ಹೇಳಿದೆ. "ನಿಮ್ಮಮ್ಮನ ಮದ್ವೆ ಕಾರ್ಡಲ್ಲಿ ನನ್ ಹೆಸ್ರು ನೋಡಿದ್ದೀಯಾ?"

ಯೋಚನೆ ಮಾಡಿದಳು. "ಇಲ್ವಾ?"

"ಇಲ್ಲ."

ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ, "ಅದೇ ಬೇರೆ, ಇದೇ ಬೇರೆ ಅಜ್ಜಿ. ಮದ್ವೆ ಆದ್ಮೇಲೆ ಆ ಕಾರ್ಡು ರದ್ದಿಗೋಗುತ್ತೆ. ಇದು ನಂಗೆ ಜೀವ್ನದ್ ಪ್ರಶ್ನೆ. ಮೊದಲ್ನೇ ಹೆಸ್ರು ನಂದಿದ್ರೇನೇ ಕಾಲೇಜಲ್ಲಿ ಲೆಕ್ಕಕ್ಕೆ ಹಿಡಿಯೋದು. ಇದು ಅಚ್ಚಾಗ್ದೆ ನಂಗೆ ಪದವಿ ಇಲ್ಲ" ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಇನ್ನೊಬ್ಬಳ ಗತಿ? ಪೇಪರಿನಲ್ಲಿ ಹೆಸರಿದ್ದರೆ, ನಾಳೆ ಕಾಲೇಜಿನ ಬಾಗಿಲು ತಟ್ಟುವಾಗ ಇದು ನಾನು ಮಾಡಿದ್ದು ಎಂದು ಕೈಯಲ್ಲಿ ಹಿಡಿದು ತೋರಿಸಬಹುದು. ಸಹಾಯ ಮಾಡಿದಳು ಎಂದಾದರೆ ಅವಳು ಮಂಜಿನಲ್ಲಿ ಕೂತಿದ್ದಷ್ಟೂ ನೀರಿಗೆ ಹೋದಂತೆ. ಮತ್ತೆ ಮೊದಲಿನಿಂದ ಶುರುಮಾಡಲು ಕಂಕುಳಲ್ಲಿ ಕೂಸಿರುವ ಹುಡುಗಿಗೆ ಎಲ್ಲಿ ಆಗುತ್ತದೆ?

"ನೀನು ಕೇಳ್ತೀಯೋ, ನಾನ್ ಕೇಳ್ಲೋ? ನಂಗೂ ಟೈಪ್ ಮಾಡಕ್ಕೆ ಬತ್ತದೆ ಈಗ" ಎಂದೆ.

ತಮಾಷೆ ಎಂದುಕೊಂಡಳು. ಕೇಳಲಿಲ್ಲ. ವಾರ ಕಳೆಯಿತು, ಮೇಲಿನ ಸಾಲು ಹಾಗೆಯೇ ಇತ್ತು.

ಗೆಳತಿಯ ನಂಬರು ನನ್ನ ಫೋನಿನಲ್ಲಿತ್ತು. ನಾನು ಅವಳಿಗೆ ದಾಸವಾಳದ ಫೋಟೋ ಕಳಿಸುತ್ತಿದ್ದೆ, ಅವಳು ಕೂಸಿನ ಫೋಟೋ ಕಳಿಸುತ್ತಿದ್ದಳು. ಒಲೆಯ ಮೇಲೆ ಎಸರಿಟ್ಟು ಕೂತವಳು ಅದು ಕುದಿದು ಉಕ್ಕುವವರೆಗೆ ಹುಡುಕಿ ಹುಡುಕಿ ಒತ್ತಿದೆ: ನಿನ್ನ ರಾಗಿ ಮೇಲೆ ಪೇಪರು ಬರೆದಿದ್ದಾರೆ. ನಿನ್ನನ್ನು ಕೇಳಿದರಾ? ಎರಡು ಗೆರೆ ನೀಲಿಯಾದವು. ಉತ್ತರ ಬರಲಿಲ್ಲ.

ಮಾರನೆಯ ದಿನ ಫೋನೇ ಬಂತು. ಹಿಂದೆ ಕೂಸಿನ ಅಳು, ಅದರ ಹಿಂದೆ ಲಾರಿಗಳ ಹಾರನ್ನು.

"ಪಾಟಿ, ನೀವ್ಯಾಕೆ ಬರೆದ್ರಿ?"

"ಅವ್ಳು ಬರೀಲಿಲ್ವಲ್ಲ, ಅದಕ್ಕೆ."

"ಅವಳೇ ಕೇಳ್ಲಿ ಪಾಟಿ. ನೀವು ಹೇಳಿ ನನ್ನ ಹೆಸರು ಹಾಕಿಸಿದ್ರೆ ಅದು ಪಾವಂ, ಅಯ್ಯೋ ಪಾಪ ಅಂತ ಕೊಟ್ಟ ಹಂಗೆ. ನಂಗೆ ಪಾವಂ ಬೇಡ." ಕೂಸಿನ ಅಳು ದೂರವಾಯಿತು, ಯಾರ ಕೈಗೋ ಕೊಟ್ಟಿರಬೇಕು. "ಅವಳು ನನ್ನ ಫ್ರೆಂಡು. ಅವಳು ಕೇಳ್ದೆ ಬಿಟ್ಟಿದ್ದು ನಂಗೆ ಹೆಸರಿಗಿಂತ ಜಾಸ್ತಿ ನೋವು."

ಫೋನಿಟ್ಟ ಮೇಲೆ ಹೋಗಿ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಲಿಲ್ಲ. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಗಾಯಿತು.

"ನಿಂಗ್ ಟೈಪಿಂಗ್ ಕಲ್ಸಿದ್ದೇ ನನ್ ತಪ್ಪು! ಹೆಂಗ್ ಮಾತಾಡಿಸ್ಲಿ ಈಗ ಅವಳ್ನ? ಯಾವ್ ಮುಖ ಇಟ್ಕಂಡ್ ಮಾತಾಡ್ಲಿ?"

ಅತ್ತಳು. ಬಟ್ಟೆ ಚೀಲಕ್ಕೆ ತುರುಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಮೂಕಂಡಪಲ್ಲಿಗೆ ಹೊರಟುಬಿಟ್ಟಳು. ಹೋಗುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ಮಗ ಹೊಲದಿಂದ ಬಂದವನು, "ಯಾಕವ್ವ ನಿಂಗೆ ಕಂಡೋರ್ ಉಸಾಬ್ರಿ?" ಎಂದ.

"ಕಂಡೋರ್ದಲ್ಲ ಕಣ್ಲಾ. ನಮ್ ಹೊಲದ್ದು" ಎಂದೆ. ಬಾಯಿ ಜೋರಿತ್ತು, ಅವತ್ತು ಊಟ ಮಾತ್ರ ಇಳಿಯಲಿಲ್ಲ. ಸಾಕಿದ ಕೂಸಿನ ಓದಿಗೆ ನಾನೇ ಕಲ್ಲು ಹಾಕಿದೆನೇನೋ ಎಂದು ಹೆದರಿಕೆಯಾಗಿತ್ತು. ಫೋನು ಮುಟ್ಟಲಿಲ್ಲ.

ಕೆಲವು ದಿನಗಳಾದ ಮೇಲೆ ಬಂದಳು. ಬಂದು ನನ್ನ ಪಕ್ಕದಲ್ಲಿ ಕೂತು ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

"ಪೇಪರ್ ಕಳ್ಸುವಾಗ ಜರ್ನಲ್‌ನೋರು ಒಂದ್ ಕೇಳ್ತಾರಜ್ಜಿ. ಯಾರ್ಯಾರು ಏನೇನ್ ಮಾಡಿದ್ರು ಅಂತ. ಯೋಚ್ನೆ ಯಾರ್ದು, ಹೊಲದ್ ಕೆಲ್ಸ ಯಾರ್ದು, ಲೆಕ್ಕ ಯಾರ್ದು, ಬರ್ದಿದ್ ಯಾರು." ಕಾಯಿಯೊಳಗಿನ ಹುಳ ನೋಡಿ ಎಸೆದಳು. "ಯೋಚ್ನೆ ಅನ್ನೋ ಕಡೆ ನನ್ ಹೆಸ್ರು ಟೈಪ್ ಮಾಡಕ್ಕೆ ಕೈ ಬರ್ನಿಲ್ಲ."

ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಎಷ್ಟು ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

"ನಾಳೆ ಜೂಜುವಾಡಿಗೆ ಹೋಗ್ತೀನಿ. ನೀನೂ ಬಾ. ನಂಗೊಬ್ಳಿಗೇ ಧೈರ್ಯ ಇಲ್ಲ."

ಜೂಜುವಾಡಿಯಲ್ಲಿ ಅವರ ಮನೆ ರಸ್ತೆಯ ಪಕ್ಕ, ಕೆಳಗೆ ಮಾವನ ಟೈರಿನ ಅಂಗಡಿ, ಮೇಲೆ ಸಂಸಾರ. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತದೆ. ಗೆಳತಿ ಇಳಿದುಹೋಗಿದ್ದಳು, ಕಣ್ಣಿನ ಕೆಳಗೆ ಕಪ್ಪು. ನನಗೆ ಕೂಸನ್ನು ಕೊಟ್ಟಳು, ಮೊಮ್ಮಗಳಿಗೆ ನೀರು ಕೊಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ಅತ್ತೆ ಕಾಫಿ ತಂದಿಟ್ಟು, ಹೋಗದೆ, ಬಾಗಿಲ ಬಳಿ ನಿಂತರು.

ಮೊಮ್ಮಗಳು ಚೀಲದಿಂದ ಪ್ರಿಂಟ್ ಹಾಕಿಸಿದ್ದ ಹಾಳೆಗಳನ್ನು ತೆಗೆದು ಕೊಟ್ಟಳು. "ನಿನ್ನ ಕೇಳ್ದೆ ಬರ್ದೆ. ತಪ್ಪಾಯ್ತು. ನಿನ್ ಹೆಸ್ರು ಹಾಕ್ತೀನಿ. ಓದು, ಸರಿ ಅಂದ್ರೆ ಹಾಕ್ತೀನಿ."

ಗೆಳತಿ ಗೋಡೆಗೆ ಒರಗಿ ಕೂತು ಓದಿದಳು. ಬಹಳ ಹೊತ್ತು ಓದಿದಳು. ಕೂಸು ನನ್ನ ಮಡಿಲಿನಿಂದ ಬಗ್ಗಿ ಹಾಳೆ ಎಳೆಯುತ್ತಿತ್ತು, ಅದರ ಕೈ ಬಿಡಿಸಿ ಬಿಡಿಸಿ ಓದಿದಳು. ಹೆಸರಿಗೆ ಒಪ್ಪಿ ಅತ್ತುಬಿಡುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ, ನಾನು ಇನ್ನೊಂದು ಕಾಫಿ ಕೇಳಬಹುದು ಎಂದುಕೊಂಡಿದ್ದೆ. ಅವಳು ಒಂದು ಹಾಳೆಯ ಮೇಲೆ ಬೆರಳಿಟ್ಟು ತಲೆಯೆತ್ತಿದಳು.

"ಮೇಲಿನ ಮೂಲೆ ಮಡಿಗಳನ್ನ ಬಿಟ್ಟಿಲ್ವಾ ನೀನು?"

"ಯಾಕ್ ಬಿಡ್ಬೇಕು?"

"ಕೆಂಪು ಬಟ್ಟೆ ಕಟ್ಟಿದ್ದೆನಲ್ಲ ಗೂಟಕ್ಕೆ. ಗೈಡ್‌ಗೂ ಫೋನ್ ಮಾಡಿ ಹೇಳಿದ್ದೆ."

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಅದು ನೀನ್ ದೃಷ್ಟಿಗ್ ಕಟ್ಟಿದ್ದು ಅನ್ಕಂಡಿದ್ನಲ್ಲಜ್ಜಿ!"

"ಇವ್ಳು ದೃಷ್ಟಿಗ್ ಕಟ್ಟವ್ಳೆ ಅಂತ ನಾನೂ ಸುಮ್ಕಿದ್ದೆ" ಎಂದೆ. ತಮಿಳು ಹುಡುಗಿಗೂ ನಮ್ಮ ಹೊಲದ ಮೇಲೆ ಅಷ್ಟು ಪ್ರೀತಿ ಇದೆಯಲ್ಲ ಎಂದು ಆವತ್ತು ಹಿಗ್ಗಿದ್ದು ಬೇರೆ. ಅದನ್ನು ಅಲ್ಲಿ ಹೇಳಲಿಲ್ಲ.

ಆಗಿದ್ದು ಇದು. ಎರಡನೆಯ ಬೆಳೆಯಲ್ಲಿ ಆ ಮೂಲೆಯ ಮಡಿಗಳಲ್ಲಿ ಕೆಲವು ಪೈರು ಸತ್ತು ಅಲ್ಲಲ್ಲಿ ಬೋಳಾಗಿತ್ತು. ನಮ್ಮ ಕಡೆ ನಾಟಿ ಹಾಕಿದ ಹೆಂಗಸರು ಸಾಲಿನಲ್ಲಿ ಬೋಳು ಬಿಡುವುದಿಲ್ಲ. ಬಿಟ್ಟರೆ ಅವರ ಕೈಗೆ ಕೆಟ್ಟ ಹೆಸರು. ಯಾರೂ ಹೇಳಬೇಕಾಗಿಲ್ಲ, ಆ ದಾರಿಯಲ್ಲಿ ಹೋಗುವಾಗ ಎಲ್ಲಿ ಪೈರು ಮಿಕ್ಕಿದೆಯೋ ಅಲ್ಲಿಂದ ತಂದು ಊರಿ ಹೋಗುತ್ತಾರೆ. ಹಾಗೆ ನನ್ನ ಮಗನ ಹೊಲದ ಪೈರನ್ನು ತಂದು ಆ ಮಡಿಗಳಲ್ಲಿ ಊರಿ, ಸಾಲು ತುಂಬಿಸಿ, ಒಳ್ಳೆಯ ಕೆಲಸ ಮಾಡಿದೆವೆಂದು ಮನೆಗೆ ಹೋಗಿದ್ದರು. ಒಂದು ಜಾತಿಯ ರಾಗಿಯೊಳಗೆ ಇನ್ನೊಂದು ಜಾತಿ ಬೆರೆತರೆ ಯಾವುದು ರೋಗ ತಡೆಯಿತು ಎಂದು ಹೇಗೆ ಹೇಳುವುದು? ಗೆಳತಿ ಅದನ್ನು ಕಂಡು, ಈ ಮಡಿಗಳು ಲೆಕ್ಕಕ್ಕಿಲ್ಲ ಎಂದು ಗುರುತಿ‌ಗೆ ಬಟ್ಟೆ ಕಟ್ಟಿದ್ದಳು. ಗೈಡ್ ಮರೆತಿದ್ದರು. ಮೊಮ್ಮಗಳು ಬಂದದ್ದು ಆಮೇಲೆ.

"ನನ್ನ ಹೆಸರು ಹಾಕೋದಾದ್ರೆ ಅದನ್ನ ತೆಗೀಬೇಕು" ಎಂದಳು ಗೆಳತಿ. "ಹೆಸರು ಅಂದ್ರೆ ಸುಮ್ನೆ ಅಲ್ಲ. ನಾಳೆ ಯಾರಾದ್ರೂ ಇದು ಹೇಗೆ ಅಂತ ಕೇಳಿದ್ರೆ ನಾನೂ ನಿಂತ್ಕೊಂಡು ಉತ್ತರ ಹೇಳ್ಬೇಕು."

"ತೆಗುದ್ರೆ ಎಲ್ಲಾ ಲೆಕ್ಕ ಮತ್ತೆ ಮಾಡ್ಬೇಕು ಕಣೇ. ಈ ಸಲಕ್ಕಾಗಲ್ಲ. ನನ್ ಪದವಿ ಮುಂದಿನ್ ವರ್ಷಕ್ಕೋಯ್ತದೆ."

"ಗೊತ್ತು."

"ಗೈಡ್ ಸುಮ್ಕಿರಲ್ಲ."

"ಗೊತ್ತು ಕಣೇ." ಗೆಳತಿ ಹಾಳೆಗಳನ್ನು ಜೋಡಿಸಿ ಅಂಚು ಸರಿಮಾಡಿದಳು. ಆಮೇಲೆ ಮೊದಲ ಸಲ ಮೊಮ್ಮಗಳ ಮುಖ ನೋಡಿದಳು. "ಒಂದು ಸಲ ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ನಂಗೆ ಹೆರಿಗೆ ಆಗಿದ್ದು, ಬುದ್ಧಿ ಹೋಗಿದ್ದಲ್ಲ."

ಕೆಳಗೆ ಯಾವುದೋ ಟೈರಿಗೆ ಗಾಳಿ ಹೊಡೆಯುವ ಸದ್ದು. ಮೊಮ್ಮಗಳು ಎದ್ದು ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಳು. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ಯಾವ್ಯಾವ ಮಡಿ, ತೋರ್ಸು" ಎಂದಳು. ಪೆನ್ನು ತೆಗೆದಳು.

ಆ ಹೊತ್ತಿನಲ್ಲಿ ನಾನು ಕೂಸಿನ ಮುಖವನ್ನೇ ನೋಡುತ್ತಿದ್ದೆ, ಅವರನ್ನು ನೋಡಿದರೆ ಅಳು ಬರುತ್ತಿತ್ತು. ಕೂಸಿಗೆ ಅದು ಗೊತ್ತಾಗಿ ನನ್ನ ಕನ್ನಡಕ ಕಿತ್ತುಕೊಂಡಿತು.

ಯಾರ ಹೆಸರು ಮೊದಲು ಎನ್ನುವ ಜಗಳ ಅಲ್ಲಿಯೇ ಶುರುವಾಯಿತು, ಆದರೆ ತಿರುವುಮುರುವಾಗಿ. ಬರೆದಿದ್ದು ನೀನು, ನಿಂದೇ ಮೊದಲಿರಲಿ ಎಂದು ಅವಳು. ಯೋಚನೆ ನಿಂದು, ನೀನಿಲ್ಲದೆ ಹೊಲವೇ ಇಲ್ಲ ಎಂದು ಇವಳು. ಕೊನೆಗೆ ಗೆಳತಿಯ ಹೆಸರು ಮೊದಲು, ಮೊಮ್ಮಗಳದು ಎರಡನೆಯದು, ಎರಡರ ತಲೆಯ ಮೇಲೂ ಒಂದೊಂದು ನಕ್ಷತ್ರ ಎಂದಾಯಿತು. ನಕ್ಷತ್ರವಿದ್ದರೆ ಇಬ್ಬರೂ ಸಮ ಸಮ ದುಡಿದವರು ಎಂದರ್ಥವಂತೆ, ಕೆಳಗೆ ಹಾಗೆಂದು ಬರೆಯುತ್ತಾರಂತೆ. ಇಂಥದ್ದೊಂದು ಉಪಾಯ ಇದೆ ಎಂದು ನಮ್ಮ ಲಗ್ನಪತ್ರಿಕೆಯ ಪ್ರೆಸ್ಸಿನವರಿಗೆ ಯಾರಾದರೂ ಹೇಳಬೇಕಿತ್ತು.

ಆಮೇಲಿನದು ಸುಲಭವಾಗಿರಲಿಲ್ಲ. ಮೂಲೆಯ ಮಡಿಗಳನ್ನು ಬಿಟ್ಟು ಲೆಕ್ಕ ಹಾಕಿದಾಗ, ಎಲ್ಲಕ್ಕಿಂತ ಗಟ್ಟಿ ಎಂದು ಬರೆದಿದ್ದ ರಾಗಿ ಗಟ್ಟಿಯಾದವುಗಳಲ್ಲಿ ಒಂದು ಮಾತ್ರವಾಯಿತು. ಹೇಳಿಕೊಳ್ಳುವಂಥ ದೊಡ್ಡ ಸುದ್ದಿ ಸಣ್ಣದಾಯಿತು. ಗೈಡ್ ಫೋನಿನಲ್ಲಿ ರೇಗಿದರು. ಆದರೆ ಬಟ್ಟೆಯ ವಿಷಯ ಗೆಳತಿ ತಮಗೆ ಹೇಳಿದ್ದಳು, ತಾವು ಮರೆತದ್ದು ಎಂದು ಒಪ್ಪಿಕೊಂಡರು. ಅದು ಸಣ್ಣ ಮಾತಲ್ಲ. ನಕ್ಷತ್ರವನ್ನು ಕಾಲೇಜಿನವರು ಹೇಗೆ ಲೆಕ್ಕಕ್ಕೆ ಹಿಡಿಯುತ್ತಾರೋ ತಮಗೆ ಗೊತ್ತಿಲ್ಲ ಎಂದೂ ಹೇಳಿದರು. ಮೊಮ್ಮಗಳಿಗೆ ಇನ್ನೂ ಪದವಿ ಬಂದಿಲ್ಲ. ಅವಳ ಜೊತೆಯವರು ಕೆಲಸಕ್ಕೆ ಸೇರಿ ಫೋಟೋ ಹಾಕುವಾಗ ಅವಳು ಫೋನನ್ನು ಬೋರಲು ಹಾಕುವುದನ್ನು ನೋಡಿದ್ದೇನೆ. ಆದರೂ ನಾನು ಒತ್ತಿ ಕಳಿಸಿದ ಆ ಎರಡು ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ದೊಡ್ಡ ಸಾರಿನ ಹೆಸರು ಹಾಗೇ ಉಳಿಯಿತು. ಏನು ಮಾಡಿದ್ದೀರಿ ಎನ್ನುವ ಕಡೆ ಸಲಹೆ ಎಂದು ಅವರೇ ಬರೆದು ಕಳಿಸಿದರು. "ಬಿಡಜ್ಜಿ, ಒಂದ್ ಜಗಳಕ್ಕೇ ಸಾಕಾಗಿದೆ" ಎಂದಳು ಮೊಮ್ಮಗಳು. ಬಿಟ್ಟೆ. ಸಾರಿಗೆ ಉಪ್ಪು ಸಾಲದು ಎಂದು ಅವರು ಹೇಳಿದ್ದು ನಿಜ. ಅದೂ ಸಲಹೆಯೇ.

ಪೇಪರು ಅಚ್ಚಾಯಿತು. ಗೆಳತಿ ಅದನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ ಬಂದಿದ್ದಾಳೆ. ಮತ್ತೆ ಸೇರಿಸಿಕೊಳ್ಳುವ ಬಗ್ಗೆ ಅವರು ಇನ್ನೂ ಏನೂ ಹೇಳಿಲ್ಲ. ಆದರೆ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಒಂದು ದಿನ ನಮ್ಮ ಹೊಲಕ್ಕೆ ಬಂದಳು. ಬದುವಿನ ಮೇಲೆ ನಿಂತು ನೋಡಿದಳು. ಈ ಸಲ ಅಳಲಿಲ್ಲ. ಮುದ್ದೆಯನ್ನು ಈಗಲೂ ಅಗಿಯುತ್ತಾಳೆ.

ಅಚ್ಚಿಗೆ ಹೋಗುವ ಮೊದಲು ಆದ ಒಂದು ಮಾತು ಬಾಕಿ ಉಳಿಯಿತು. ಇಬ್ಬರೂ ಸೇರಿ ನನಗೆ ಫೋನು ಮಾಡಿದ್ದರು, ಒಬ್ಬಳು ಜೂಜುವಾಡಿಯಿಂದ, ಇನ್ನೊಬ್ಬಳು ಮೂಕಂಡಪಲ್ಲಿಯಿಂದ, ಒಂದೇ ಫೋನಿನಲ್ಲಿ ಇಬ್ಬರ ದನಿ.

"ಅಜ್ಜಿ, ಕೊನೇಲಿ ಥ್ಯಾಂಕ್ಸ್ ಅಂತ ಬರೀತೀವಲ್ಲ, ಅಲ್ಲಿ ನಿನ್ ಹೆಸ್ರು ಹಾಕ್ಬೌದಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದುಕೊಂಡೆ.

"ಪಾಟಿ? ಇದ್ದೀರಾ? ಬೇಡ ಅಂದ್ರೆ ಬೇಡ. ಕೇಳಿ ಹಾಕೋಣ ಅಂತ."

ನನ್ನ ಹೆಸರು ಎಲ್ಲಾದರೂ ಹಾಕುವ ಮುಂಚೆ ನನ್ನನ್ನು ಯಾರಾದರೂ ಕೇಳಿದ್ದು, ನೆನಪು ಕೆದಕಿದರೂ, ಅದೇ ಮೊದಲು.

"ನಾಟಿ ಹಾಕ್ದೋರ್ನೂ ಕೇಳಿ ಹಾಕಂಗಿದ್ರೆ ನಂದೂ ಹಾಕ್ರಿ" ಎಂದೆ.

ಮೊಮ್ಮಗಳು ಬಂದು ಆ ಹೆಂಗಸರನ್ನು ಕೇಳಿದಳು. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರಲ್ಲಿ ಹಿರಿಯವಳು, "ಹಾಕವ್ವ. ಆದ್ರೆ ಸಾಲು ಬೋಳು ಬುಡ್ನಿಲ್ಲ ಅಂತಾನೂ ಬರಿ" ಎಂದಳು. ಅದನ್ನೂ ಬರೆದಿದ್ದಾರಂತೆ, ಆ ಮಡಿಗಳನ್ನು ಯಾಕೆ ಬಿಟ್ಟೆವು ಎಂದು ಹೇಳುವ ಕಡೆ.

ಅವತ್ತು ಸಂಜೆ ಗೆಳತಿಯಿಂದ ಮೆಸೇಜು ಬಂತು: ಪಾಟಿ, ನಿಮ್ಮ ಹೆಸರು ಹೇಗೆ ಬರೆಯೋದು, ಟೈಪ್ ಮಾಡಿ ಕಳಿಸಿ.

ಊರಿಗೆಲ್ಲ ಮೆಸೇಜು ಕಳಿಸುತ್ತಿದ್ದವಳು ಅದುವರೆಗೆ ನನ್ನ ಹೆಸರನ್ನು ಒಂದು ಸಲವೂ ಒತ್ತಿರಲಿಲ್ಲ. ಕನ್ನಡಕ ಒರೆಸಿಕೊಂಡು ಜಗುಲಿಯ ಬೆಳಕಿಗೆ ಬಂದು ಕೂತೆ. ಅದರಲ್ಲಿ ಒಂದು ಒತ್ತಕ್ಷರವಿದೆ. ನಿಧಾನವಾಗಿ ಒತ್ತಿ, ಸರಿಯಾಗಿದೆಯೇ ಎಂದು ಓದಿ ನೋಡಿ, ಕಳಿಸಿದೆ.